ತೂಕದ ಕೋಣೆಗೆ ಹೊಸಬ ಬಂದ ದಿನ

ನಿಲ್ಲು ದಾಮು, ಮೊದಲು ಆ ಫ್ಯಾನು ಆರಿಸು.
ಶಿರವಾಡದ ಸೆಕೆ ನನಗೂ ಗೊತ್ತು,
ಬೆನ್ನಿನಲ್ಲಿ ಕಾಳಿ ಹೊಳೆಯೇ ಇಳಿಯಲಿ,
ಈ ಕೋಣೆಯಲ್ಲಿ ಗಾಳಿ ನಾವು ಹೇಳಿದ ಕಡೆಗೇ ಹೋಗಬೇಕು:
ನಿನ್ನ ಎದೆಯಿಂದ ಆಚೆ, ಗಾಜಿನ ಗೂಡಿನೊಳಗೆ,
ಗೂಡಿನಿಂದ ಕೊಳವೆಗೆ, ಕೊಳವೆಯಿಂದ ಫಿಲ್ಟರಿಗೆ.
ಅಡ್ಡಗಾಳಿ ಎದ್ದರೆ ಏನಾಗುತ್ತದೆಂದು
ತಾಂಡೇಲರ ಮನೆಯವನಿಗೆ ನಾನು ಹೇಳಬೇಕೆ?

ಇಗೋ ಡಬ್ಬಿಗಳು.
ನಿಯೋಡಿಮಿಯಂ ಕಿಟಕಿಯ ಬಿಸಿಲಿಗೆ ನಸುನೇರಳೆ,
ಟ್ಯೂಬ್‌ಲೈಟಿನಡಿ ತೊಳೆದು ಮಾಸಿದ ನೀಲಿ.
ಹೋಲ್ಮಿಯಂ ಹಗಲಲ್ಲಿ ಹಳದಿ,
ಒಳಗೆ ತಂದರೆ ಗುಲಾಬಿಗೆ ತಿರುಗಿ ನಿನ್ನನ್ನೇ ಅನುಮಾನಿಸುತ್ತದೆ.
ಎರ್ಬಿಯಂ ನೋಡು, ಅಂಗಡಿ ಮಿಠಾಯಿಯ ಹಾಗೆ.
ಮೂಸಬೇಡ.
ಬಣ್ಣ ನಂಬಿ ಡಬ್ಬಿ ಎತ್ತಬೇಡ, ಚೀಟಿ ಓದು.
ಚೀಟಿ ಹರಿದಿದ್ದರೆ ನನ್ನನ್ನು ಕೂಗು,
ನಾನು ಊಟಕ್ಕೆ ಕೂತಿದ್ದರೂ ಕೂಗು.

ಇದು ಲ್ಯಾಂಥನಂ. ಬಿಳಿ.
ಸುಟ್ಟ ಸುಣ್ಣದ ಬಿಳುಪು, ಸುಣ್ಣದ್ದೇ ಬಾಯಾರಿಕೆ.
ಮುಚ್ಚಳ ತೆರೆದಿಟ್ಟು ಒಂದು ಚಾ ಕುಡಿದು ಬಾ,
ತಕ್ಕಡಿಯ ಅಂಕಿ ಮೇಲೇರಿರುತ್ತದೆ.
ಯಾರೂ ಹಾಕಿದ್ದಲ್ಲ, ಸಮುದ್ರ ಹಾಕಿದ್ದು.
ಒಂದು ಆಷಾಢ ಪೂರ್ತಿ ನಾನು ಬರೆದ ತೂಕವೆಲ್ಲ
ಅರ್ಧ ಪುಡಿ, ಅರ್ಧ ಅರಬ್ಬಿ ಸಮುದ್ರ.
ನೀರು ಕಂಡರೆ ಬಿಸಿಯೇರುವ ಜಾತಿ ಇದು.
ಕಣ್ಣಿಗೆ ಬಿತ್ತೋ, ಉಜ್ಜಬೇಡ,
ಆ ಹಸಿರು ನಲ್ಲಿಗೆ ಓಡು, ಹದಿನೈದು ನಿಮಿಷ.
ಗಡಿಯಾರ ಕಾಣದಲ್ಲ ಆಗ,
ಕ್ರಾಸಿಂಗಿಗೆ ನಿಂತ ಗೂಡ್ಸು ಗಾಡಿ
ಬೇಸತ್ತು ಹೊರಟು ಸದ್ದಡಗುವ ತನಕ ಎಂದುಕೋ.

ನಮ್ಮ ಆಯಿ ಚಿಪ್ಪಿಸುಣ್ಣದ ಭಟ್ಟಿಗೆ ಹೋಗುತ್ತಿದ್ದಳು.
ಸೆರಗು ಎರಡು ಸುತ್ತು ಮೂಗಿಗೆ ಕಟ್ಟಿ
ಸುಟ್ಟ ಚಿಪ್ಪಿಯ ರಾಶಿಗೆ ನೀರು ಚಿಮುಕಿಸಿದರೆ
ಭುಸ್ಸೆಂದು ಅದು ಅರಳುವುದು,
ನಾವು ಮಕ್ಕಳು ಚಪ್ಪಾಳೆ ತಟ್ಟುವುದು.
ಸಂಜೆ ಅದೇ ಸೆರಗು ಕೊಡವಿ
ಅದರಲ್ಲೇ ತಮ್ಮನ ಮುಖ ಒರೆಸುವಳು.
ಅದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ,
ಡಾಕ್ಟರೂ ಹೇಳಲಿಲ್ಲ.
ತಮ್ಮ ಇದ್ದಾನೆ, ಬೈತಖೋಲದಲ್ಲಿ ಬಲೆಯ ದಾರ ಮಾರುತ್ತಾನೆ,
ಮೆಟ್ಟಿಲು ಹತ್ತುವಾಗ ಮಾತು ನಿಲ್ಲಿಸುತ್ತಾನೆ.
ನನಗೆ ಗೊತ್ತಿರುವುದು ಇಷ್ಟು:
ಕೋಟು ಮನೆಗೆ ಒಯ್ಯಬೇಡ.
ಇಲ್ಲೇ ಕಳಚು, ಇಲ್ಲೇ ಚೀಲಕ್ಕೆ ಹಾಕು,
ಮೊಣಕೈ ತನಕ ತೊಳೆ, ಆಮೇಲೆ ಮಗುವನ್ನು ಎತ್ತಿಕೋ.

ಪೊರಕೆ ಹುಡುಕಬೇಡ, ಈ ಕೋಣೆಗೆ ಪೊರಕೆ ಇಲ್ಲ.
ಗುಡಿಸಿದ ಪುಡಿ ಮೂಲೆ ಸೇರುವುದಿಲ್ಲ, ಎದ್ದು
ನಿಧಾನವಾಗಿ, ಮರ್ಯಾದಸ್ಥ ನೆಂಟನ ಹಾಗೆ,
ನಿನ್ನ ಪುಪ್ಪುಸದಲ್ಲಿ ಕೂತು ಹೊರಡುವುದನ್ನೇ ಮರೆಯುತ್ತದೆ.
ಒದ್ದೆ ಬಟ್ಟೆ. ಇಲ್ಲವೆ ಆ ಸೊಂಡಿಲಿನ ಯಂತ್ರ.
ತಕ್ಕಡಿಯ ಅಂಚಿನ ಒಂದು ಕಣವನ್ನೂ ಊದಬೇಡ.
ದೇವರ ದೀಪ ಬಾಯಿಂದ ಊದಬಾರದೆಂದು
ಮನೆಯಲ್ಲಿ ಕಲಿಸಿದ್ದಾರಲ್ಲ? ಹಾಗೇ ಇದೂ.

ಈಗ ಮಾಸ್ಕು.
ಮೂಗಿನ ತಂತಿ ಒತ್ತು, ಮೇಲಿನ ಪಟ್ಟಿ ನೆತ್ತಿಗೆ, ಕೆಳಗಿನದು ಕತ್ತಿಗೆ.
ಈ ಗುಡಾಣದಂಥ ಟೋಪಿಯೊಳಗೆ ಸಿಹಿ ಮಂಜು ಬಿಡುತ್ತೇನೆ.
ತಲೆ ಅತ್ತ ಇತ್ತ ತಿರುಗಿಸು, ಬಗ್ಗು,
ಏನಾದರೂ ಮಾತಾಡು, ಇವತ್ತಿನ ಬಂಗಡೆ ರೇಟು ಹೇಳು.
ನಾಲಿಗೆಗೆ ಸಿಹಿ ಬಂದರೆ ಕೈ ಎತ್ತು.
ಇಲ್ಲಿ ಸಿಹಿ ಎಂದರೆ ನಾಪಾಸು.

ಏನೂ ಇಲ್ಲ ಅನ್ನುತ್ತಿ.
ಗಂಟಲು ಗುಟುಕು ನುಂಗಿತಲ್ಲ, ದಾಮು,
ಆ ಗಡ್ಡದ ಕೆಳಗೆ?
ಕೂದಲಿನ ಸಂದಿಯಲ್ಲಿ ಬಂದದ್ದು ಸಕ್ಕರೆ,
ನಾಳೆ ಬರುವುದು ಸಕ್ಕರೆಯಲ್ಲ.
ಹರಕೆಯದು, ಗೊತ್ತು. ಯಾವ ದೇವರೆಂದು ಹೇಳು,
ನಾನೇ ಹೋಗಿ ಮಾತಾಡಿ ಬರುತ್ತೇನೆ,
ನನ್ನ ಒಂದು ರಜೆ ಹಾಳಾದರೂ ಅಡ್ಡಿಯಿಲ್ಲ.

ಇವತ್ತು ಹೊರಗೆ ಕೂತು ಚೀಟಿ ಬರಿ.
ಅಕ್ಷರ ದೊಡ್ಡದಿರಲಿ,
ಬೆವರು ತಾಗಿದರೆ ಹರಡದ ಶಾಯಿ ತಗೋ.